ಜಾತ್ರೆ, ಪಾದಯಾತ್ರೆಗೆ ಟ್ರೇಲರ್ ಕೊಳ್ಳುವಿರಾ? ಬಣ್ಣ ನೋಡಬೇಡಿ, ತೂಕ ನೋಡಿ: ಗಟ್ಟಿ ಡಬ್ಬಿ ಗುರುತಿಸುವ ಪೂರ್ಣ ಮಾಹಿತಿ

ನಾಗನೂರ: ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಯುಗಾದಿ ಮುಂದೆ ಶ್ರೀಶೈಲ ಪಾದಯಾತ್ರೆ, ಆಷಾಢಕ್ಕೆ ಪಂಢರಪುರ ದಿಂಡಿ. ಮೊದಲು ಕಮಾನು ಕಟ್ಟಿದ ಚಕ್ಕಡಿ ಹೋಗುತ್ತಿದ್ದ ದಾರಿಯಲ್ಲಿ ಈಗ ತಾಡಪತ್ರಿ ಹೊದಿಸಿದ ಡಬ್ಬಿ ಹೋಗುತ್ತದೆ. ಅದರಲ್ಲಿ ಹಾಸಿಗೆ, ರೊಟ್ಟಿ ಬುತ್ತಿ, ಗ್ಯಾಸ್ ಸಿಲಿಂಡರ್, ನೀರಿನ ಟಾಕಿ, ಕಟಿಗಿ, ಪಾತ್ರೆ ಎಲ್ಲಾ ಇರುತ್ತದೆ. ಗುಡ್ಡ ಮುಟ್ಟಿದ ಮೇಲೆ ಎರಡು-ಮೂರು ದಿನ ಅದೇ ಬಿಡಾರ, ಅದೇ ಅಡುಗೆ ಮನಿ, ಅದೇ ಮಲಗುವ ಜಾಗ.

ವರ್ಷಕ್ಕೆ ನಾಕೈದು ಸಲ ಹೀಗೆ ಹೊರಡುವ ಮನೆತನಗಳು, ಯುವಕ ಮಂಡಳಗಳು, ಭಜನಾ ಮಂಡಳಗಳು ಈಗ ಬಿಡಾರಕ್ಕೂ ಹೊಲಕ್ಕೂ ಆಗುವಂಥ ಟ್ರೇಲರ್ ಮಾಡಿಸುತ್ತಿವೆ. ಆದರೆ ಹೊಸ ಡಬ್ಬಿ ಕೊಳ್ಳಲು ಹೋದಾಗ ಹೆಚ್ಚಿನವರು ನೋಡುವುದು ಬಣ್ಣ, ಹಿಂದೆ ಬರೆಸುವ ಹೆಸರು, ದರ. ನೋಡಬೇಕಾದ್ದು ಬೇರೆಯೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನ ಓದುಗರಿಗೆ ಅನುಕೂಲವಾಗಲಿ ಅಂತ ಆ ಎಲ್ಲ ವಿಷಯ ಇಲ್ಲಿ ಒಂದೇ ಕಡೆ ಕೊಟ್ಟಿದ್ದೇವೆ.

ಮೊದಲು ಒಂದು ಮಾತು: ಡಬ್ಬಿ ಸಾಮಾನಿಗೆ, ಮಂದಿಗಲ್ಲ

ಎಷ್ಟೇ ಗಟ್ಟಿ ಟ್ರೇಲರ್ ಇದ್ದರೂ ಕಾನೂನಿನ ಕಣ್ಣಲ್ಲಿ ಅದು ಸಾಮಾನು ಸಾಗಿಸುವ ಗಾಡಿ. ನಿಂತಾಗ ಅದರಲ್ಲಿ ಮಲಗಬಹುದು, ಕೂಡಬಹುದು. ಓಡುವಾಗ ಮಂದಿಯನ್ನು ತುಂಬಿಕೊಂಡು ಹೋಗುವಂತಿಲ್ಲ. "ನಮ್ಮ ಹಿರಿಯರು ಹಂಗ ಹೋಗ್ತಿದ್ರು" ಅನ್ನಬಹುದು. ಹಿರಿಯರು ಹೋಗುತ್ತಿದ್ದದ್ದು ಎತ್ತಿನ ನಡಿಗೆಯ ವೇಗದಲ್ಲಿ. ಈಗಿನ ಟ್ರ್ಯಾಕ್ಟರ್ ಗಂಟೆಗೆ 30 ಕಿ.ಮೀ. ಓಡುತ್ತದೆ.

2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಿ ದರ್ಶನ ಮುಗಿಸಿ ಮರಳುತ್ತಿದ್ದವರ ಟ್ರ್ಯಾಕ್ಟರ್ ಟ್ರಾಲಿ ಹೊಂಡಕ್ಕೆ ಉರುಳಿ 25ಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಫೆಬ್ರುವರಿ 24ರಂದು ಅದೇ ರಾಜ್ಯದ ಕಾಸಗಂಜ್ ಜಿಲ್ಲೆಯಲ್ಲಿ ಗಂಗಾ ಸ್ನಾನಕ್ಕೆ ಹೊರಟವರ ಟ್ರಾಲಿ ಕೆರೆಗೆ ಬಿದ್ದು 20ಕ್ಕೂ ಹೆಚ್ಚು ಜನ ಹೋದರು. ಅವತ್ತು ಮಾಘ ಹುಣ್ಣಿಮೆ, ಅಂದರೆ ನಾವು ಗುಡ್ಡಕ್ಕೆ ಹೋಗುವ ಭಾರತ ಹುಣ್ಣಿಮೆಯ ದಿನವೇ.

ದೂರದ ಮಾತು ಯಾಕ, ನಮ್ಮ ಜಿಲ್ಲೆಯದೇ ಇದೆ. 2023ರ ಜನವರಿ ಮೊದಲ ವಾರ ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಸವದತ್ತಿಗೆ ನಡೆದುಕೊಂಡು ಹೊರಟಿದ್ದ ಭಕ್ತರು ದಾರಿಯಲ್ಲಿ ಒಂದು ಗೂಡ್ಸ್ ಗಾಡಿ ಹತ್ತಿದರು. ಚುಂಚನೂರ ಹತ್ತಿರ ಅದು ಮರಕ್ಕೆ ಗುದ್ದಿ ಆರು ಜನ ಸತ್ತರು. ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಹಿಡಿದುಕೊಳ್ಳಲು ಸೀಟಿಲ್ಲ, ಬೆಲ್ಟಿಲ್ಲ, ತಲೆ ಕಾಯುವ ಛಾವಣಿ ಇಲ್ಲ. ಗುದ್ದಿದ ತಕ್ಷಣ ಒಳಗಿದ್ದವರು ಹೊರಗೆ ತೂರಿಬೀಳುತ್ತಾರೆ.

ಹಾಗಾದರೆ ಮಾಡುವುದೇನು? ಸಾಮಾನು ಡಬ್ಬಿಯಲ್ಲಿ, ಮಂದಿ ಬಸ್ಸಿನಲ್ಲಿ. ಹುಣ್ಣಿಮೆ ಜಾತ್ರೆಗಳಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹೆಚ್ಚುವರಿ ಬಸ್ ಬಿಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮನಿ ಮಂದಿಯೊಳಗೆ ಅರ್ಧಕ್ಕಿಂತ ಹೆಚ್ಚು ಜನ ಪುಕ್ಕಟೆ ಹೋಗಬಹುದು ಅಂದಮೇಲೆ ಕೂಸು-ಮಕ್ಕಳನ್ನು ಡಬ್ಬಿಯಲ್ಲಿ ಕೂಡ್ರಿಸುವ ಕಾರಣವೇ ಉಳಿಯುವುದಿಲ್ಲ. ಇನ್ನು ಮುಂದೆ ಈ ಲೇಖನದಲ್ಲಿ ಹೇಳುವುದೆಲ್ಲ ಸಾಮಾನು ಹೊತ್ತು ಹೋಗಿ, ನಿಂತಲ್ಲಿ ಬಿಡಾರವಾಗುವ ಟ್ರೇಲರ್ ಬಗ್ಗೆ.

ಎರಡು ಗಾಲಿಯೋ, ನಾಕು ಗಾಲಿಯೋ?

ಎರಡು ಗಾಲಿಯ ಟ್ರೇಲರ್ ಹಗುರ, ಹಿಂದೆ ಸರಿಸಲು ಸಲೀಸು, ಸಣ್ಣ ಓಣಿಯಲ್ಲಿ ತಿರುಗುತ್ತದೆ, ಟೈರ್ ಖರ್ಚು ಅರ್ಧ. ಇದರ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಗಾಲಿ ಮೇಲೆ ಬೀಳುವುದರಿಂದ ಹಿಡಿತವೂ ಸ್ವಲ್ಪ ಹೆಚ್ಚು. ತೊಂದರೆ ಏನೆಂದರೆ ಟ್ರ್ಯಾಕ್ಟರ್ ಬಿಚ್ಚಿದರೆ ಇದು ತಾನೇ ನಿಲ್ಲುವುದಿಲ್ಲ. ಹಿಂದೆ ನಾಕು ಜನ ಹತ್ತಿದರೆ ಮೂತಿ ಮೇಲೆದ್ದು ಹಿಂದಕ್ಕೆ ಬೀಳುತ್ತದೆ.

ನಾಕು ಗಾಲಿಯ ಟ್ರೇಲರಿಗೆ ಮುಂದಿನ ಆಕ್ಸಲ್ ಮೇಲೆ ತಿರುಗುವ ಟರ್ನ್ ಟೇಬಲ್ ಇರುತ್ತದೆ. ಬಿಚ್ಚಿದರೂ ಸಮನಾಗಿ ನಿಲ್ಲುತ್ತದೆ, ಹೆಚ್ಚು ಭಾರ ತಡೆಯುತ್ತದೆ. ಬಿಡಾರಕ್ಕೆ ಇದೇ ಆರಾಮ. ಆದರೆ ಹಿಂದೆ ಸರಿಸುವುದು ಕಠಿಣ. ಜಾತ್ರೆ ಗದ್ದಲದಲ್ಲಿ ಪಳಗಿದ ಡ್ರೈವರ್ ಬೇಕು. ಮೇಲಾಗಿ ಭಾರ ಟ್ರ್ಯಾಕ್ಟರ್ ಮೇಲೆ ಬೀಳದೇ ಪೂರ್ತಿ ಡಬ್ಬಿಯ ಮೇಲೇ ಇರುವುದರಿಂದ ಇಳಿಜಾರಿನಲ್ಲಿ ಹಿಂದಿನಿಂದ ದಬ್ಬುತ್ತದೆ.

ಸರಳ ಲೆಕ್ಕ: ಒಂದೇ ಮನೆತನ, ವರ್ಷಕ್ಕೆ ನಾಕೈದು ಪ್ರವಾಸ, ಉಳಿದಂತೆ ಗೊಬ್ಬರ-ಮೇವಿನ ಕೆಲಸ ಇದ್ದರೆ ಎರಡು ಗಾಲಿ ಸಾಕು. ಮಂಡಳದ ಅಡುಗೆ ಸಾಮಾನು, ದೊಡ್ಡ ನೀರಿನ ಟಾಕಿ, ವಾರಗಟ್ಟಲೆ ಪಾದಯಾತ್ರೆ ಇದ್ದರೆ ನಾಕು ಗಾಲಿ, ಅದೂ ಬ್ರೇಕ್ ಇರುವಂಥದ್ದು.

ಕಬ್ಬಿಣದ ದಪ್ಪ: ಕಾಟಾದ ಮುಂದೆ ಸುಳ್ಳು ನಡೆಯಲ್ಲ

ಟ್ರೇಲರಿನ ಬೆನ್ನೆಲುಬು ಕೆಳಗಿನ ಚಾಸಿ. ಅದಕ್ಕೆ ಹಾಕುವ ಸಿ-ಚಾನೆಲ್ ಯಾವ ಸೈಜಿನದು ಎಂಬುದೇ ಮೊದಲ ಪ್ರಶ್ನೆ. 100 ಮಿ.ಮೀ. ಚಾನೆಲ್ ಒಂದು ಮೀಟರಿಗೆ ಸುಮಾರು 9.5 ಕೆಜಿ ತೂಗುತ್ತದೆ. 125 ಮಿ.ಮೀ. ಚಾನೆಲ್ ಸುಮಾರು 13 ಕೆಜಿ, 150 ಮಿ.ಮೀ. ಚಾನೆಲ್ 16ರಿಂದ 17 ಕೆಜಿ. ಎತ್ತರ ಹೆಚ್ಚಾದಂತೆ ಬಾಗದೇ ನಿಲ್ಲುವ ಶಕ್ತಿ ತೂಕಕ್ಕಿಂತಲೂ ಜೋರಾಗಿ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಉಳಿಸಿದ ರೊಕ್ಕ ಮುಂದೆ ಚಾಸಿ ಬಾಗಿದಾಗ ಎರಡು ಪಟ್ಟಾಗಿ ಹೋಗುತ್ತದೆ.

ಎರಡನೆಯದು ಪತ್ರಾ, ಅಂದರೆ ತಳ ಮತ್ತು ಬದಿಯ ಶೀಟ್. ಅಂಗಡಿಯವರು ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. ಗೇಜ್ ನಂಬರ್ ಹೆಚ್ಚಾದಷ್ಟು ಶೀಟ್ ತೆಳು ಎಂಬುದು ನೆನಪಿರಲಿ. 8 ಗೇಜ್ ಅಂದರೆ ಸುಮಾರು 4 ಮಿ.ಮೀ., 10 ಗೇಜ್ ಸುಮಾರು 3.25 ಮಿ.ಮೀ., 12 ಗೇಜ್ ಸುಮಾರು 2.6 ಮಿ.ಮೀ., 14 ಗೇಜ್ ಸುಮಾರು 2 ಮಿ.ಮೀ. ತಳಕ್ಕೆ ದಪ್ಪದ್ದು, ಬದಿಗೆ ಅದಕ್ಕಿಂತ ಒಂದು ಹಂತ ತೆಳುವಾದದ್ದು ಹಾಕಿದರೆ ನಡೆಯುತ್ತದೆ. ತಳಕ್ಕೇ 14 ಗೇಜ್ ಹಾಕಿದರೆ ಒಂದೆರಡು ಹಂಗಾಮಿನಲ್ಲಿ ತಗ್ಗು ಬೀಳುತ್ತದೆ, ನೀರು ನಿಂತು ತುಕ್ಕು ಹಿಡಿಯುತ್ತದೆ.

ಕಣ್ಣಿನಿಂದ ದಪ್ಪ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ದಾರಿ ಇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವರ್ನಿಯರ್ ಕ್ಯಾಲಿಪರ್ ಹಿಡಿದು ಶೀಟಿನ ಅಂಚನ್ನು ಬಣ್ಣ ಹಚ್ಚುವ ಮೊದಲೇ ಅಳೆಯಿರಿ. ಇನ್ನೊಂದು ದಾರಿ ವೇ ಬ್ರಿಜ್. ಉಕ್ಕಿನ ಶೀಟ್ 1 ಮಿ.ಮೀ. ದಪ್ಪ ಇದ್ದರೆ ಒಂದು ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಡಬ್ಬಿಗೆ ತಳ ಮತ್ತು ನಾಕು ಬದಿ ಸೇರಿ 124 ಚದರ ಅಡಿ, ಅಂದರೆ ಸುಮಾರು 11.5 ಚದರ ಮೀಟರ್ ಶೀಟ್ ಬೇಕು. ಶೀಟಿನಲ್ಲಿ ಬರೀ 1 ಮಿ.ಮೀ. ಕಡಿಮೆ ಮಾಡಿದರೆ 90 ಕೆಜಿ ಕಬ್ಬಿಣ ಮಾಯ. ಚಾಸಿಯಲ್ಲಿ 125ರ ಬದಲು 100ರ ಚಾನೆಲ್ ಹಾಕಿದರೆ ಇನ್ನೊಂದು 50 ಕೆಜಿ ಆಸುಪಾಸು.

ಅದಕ್ಕೇ ಆರ್ಡರ್ ಕೊಡುವಾಗಲೇ ಕಾಗದದ ಮೇಲೆ ಬರೆಸಿಕೊಳ್ಳಿ: ಚಾನೆಲ್ ಸೈಜು, ಅಡ್ಡ ಚಾನೆಲ್ ಎಷ್ಟು, ತಳದ ಶೀಟ್ ದಪ್ಪ, ಬದಿಯ ಶೀಟ್ ದಪ್ಪ, ಖಾಲಿ ಡಬ್ಬಿಯ ತೂಕ. ಡೆಲಿವರಿ ದಿನ ಮನಿಗೆ ತರುವ ಮೊದಲು ಕಾಟಾ ಮಾಡಿಸಿ. ಕಬ್ಬು ಬೆಳೆಯುವ ನಮ್ಮ ಭಾಗದಲ್ಲಿ ವೇ ಬ್ರಿಜ್‌ಗೆ ಬರ ಇಲ್ಲ. ಕಬ್ಬಿನ ತೂಕದ ಬಗ್ಗೆ ಇಷ್ಟು ಜಗಳಾಡುವ ನಾವು ಕೊಳ್ಳುವ ಡಬ್ಬಿಯ ತೂಕ ಕೇಳದೇ ಇರಬಾರದು.

ವೆಲ್ಡಿಂಗ್: ಬಣ್ಣ ಹಚ್ಚುವ ಮೊದಲು ಹೋಗಿ ನೋಡಿ

ಡಬ್ಬಿ ಮುರಿಯುವುದು ಹೆಚ್ಚಾಗಿ ಕಬ್ಬಿಣದಲ್ಲಿ ಅಲ್ಲ, ಜೋಡಿನಲ್ಲಿ. ವೆಲ್ಡಿಂಗ್ ಮುಗಿದು ಬಣ್ಣ ಹಚ್ಚುವ ಮೊದಲ ದಿನ ವರ್ಕ್‌ಶಾಪಿಗೆ ಹೋಗಬೇಕು. "ನಾಳೆ ಬಣ್ಣ ಹಚ್ತೀವಿ" ಅಂದರೆ ಇವತ್ತೇ ಹೋಗಿ. ಬಣ್ಣ ಬಿದ್ದ ಮೇಲೆ ಎಲ್ಲ ವೆಲ್ಡಿಂಗೂ ಒಂದೇ ಥರ ಕಾಣುತ್ತದೆ.

ಒಳ್ಳೆ ವೆಲ್ಡಿಂಗ್ ಸಾಲು ಮೀನಿನ ಪೊರೆಯಂತೆ ಸಮನಾಗಿ ಒಂದರ ಮೇಲೊಂದು ಕೂತಿರುತ್ತದೆ. ನಡುನಡುವೆ ತೂತು, ಗುಳ್ಳೆ, ಅಂಚಿನಲ್ಲಿ ಕೊರೆದಂಥ ಗೆರೆ ಇದ್ದರೆ ಅಲ್ಲಿ ಬಲ ಇಲ್ಲ. ಮೇಲಿನ ಕರಿ ಪೊರೆಯನ್ನು ಸುತ್ತಿಗೆಯಿಂದ ತಟ್ಟಿ ತೆಗೆಸಿ ಒಳಗೆ ನೋಡಿ. ಮುಖ್ಯವಾಗಿ ನಾಕು ಜಾಗ ಪರೀಕ್ಷಿಸಿ: ಟ್ರ್ಯಾಕ್ಟರಿಗೆ ಹಾಕುವ ಮುಂದಿನ ರಿಂಗ್ ಮತ್ತು ಡ್ರಾಬಾರ್ ಸೇರುವ ಜೋಡು, ಡ್ರಾಬಾರ್ ಚಾಸಿಗೆ ಸೇರುವ ಜೋಡು, ಪಾಟಾ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್, ಅಡ್ಡ ಚಾನೆಲ್ ಉದ್ದ ಚಾನೆಲ್‌ಗೆ ಸೇರುವ ಮೂಲೆ. ಈ ನಾಕು ಕಡೆ ಬಿಟ್ಟುಬಿಟ್ಟು ಹಾಕಿದ ಚುಕ್ಕಿ ವೆಲ್ಡಿಂಗ್ ನಡೆಯುವುದಿಲ್ಲ. ಪೂರ್ತಿ ಸಾಲು ಇರಬೇಕು, ಮೂಲೆಗೆ ತ್ರಿಕೋನದ ಪಟ್ಟಿ ಕೂಡಿಸಿರಬೇಕು.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ. ಡಬ್ಬಿಯ ಹೊಟ್ಟೆ ಕೆಳಗೂ ಹಚ್ಚಿದ್ದಾರೋ ಇಲ್ಲವೋ ಬಗ್ಗಿ ನೋಡಿ. ಮೇಲೆ ಮಿಂಚಿ ಕೆಳಗೆ ಬರೀ ಕಬ್ಬಿಣ ಇದ್ದರೆ ಎರಡು ಮಳೆಗಾಲ ಬಾಳದು.

ಆಕ್ಸಲ್, ಬೇರಿಂಗ್, ಟೈರ್

ಸ್ಥಳೀಯವಾಗಿ ಮಾಡುವ ಕೆಲ ಟ್ರೇಲರಿಗೆ ಹಳೆ ಲಾರಿಯ ಆಕ್ಸಲ್ ಹಾಕುವ ರೂಢಿ ಇದೆ. ಅದು ತಪ್ಪಲ್ಲ, ಆದರೆ ಹೊಸದರ ರೇಟ್ ಕೊಟ್ಟು ಹಳೆಯದು ತಗೊಳ್ಳಬಾರದು. ಬಿಲ್ಲಿನಲ್ಲಿ ಹಳೆಯದೋ ಹೊಸದೋ ಬರೆಸಿ. ಜಾಕ್ ಹಚ್ಚಿ ಗಾಲಿ ಎತ್ತಿಸಿ, ಕೈಯಿಂದ ತಿರುಗಿಸಿ. ಕರಕರ ಸಪ್ಪಳ ಬಂದರೆ ಬೇರಿಂಗ್ ಹೋಗಿದೆ. ಗಾಲಿಯ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬಿಗಿ ಸರಿ ಇಲ್ಲ.

ಬಿಡಾರದ ಡಬ್ಬಿಗೆ ಪಾಟಾ ಸ್ಪ್ರಿಂಗ್ ಇರಲೇಬೇಕು. ಹೊಲದ ಕೆಲಸಕ್ಕೆ ಸ್ಪ್ರಿಂಗ್ ಇಲ್ಲದ ಡಬ್ಬಿ ಓಡೀತು, ಆದರೆ ನೂರಾರು ಕಿ.ಮೀ. ಡಾಂಬರು ರಸ್ತೆಯಲ್ಲಿ ಪ್ರತಿ ಗುಂಡಿಯ ಪೆಟ್ಟು ನೇರ ವೆಲ್ಡಿಂಗಿಗೆ ಬೀಳುತ್ತದೆ.

ಟೈರಿನ ಬದಿಯಲ್ಲಿ ನಾಕು ಅಂಕಿಯ ಒಂದು ನಂಬರ್ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2321 ಅಂತ ಇದ್ದರೆ 2021ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಬದಿಯಲ್ಲಿ ಬಿರುಕು ಬಿಟ್ಟ ಹಳೆ ಟೈರ್ ಭಾರ ಬಿದ್ದು ಬಿಸಿಯಾದಾಗ ಒಡೆಯುತ್ತದೆ. ನಾಕೂ ಟೈರ್ ಒಂದೇ ಸೈಜು, ಒಂದೇ ಪ್ಲೈ ಇರಬೇಕು. ಸ್ಟೆಪ್ನಿ ಇಡಲು ಡಬ್ಬಿಯ ಕೆಳಗೋ ಮುಂದೋ ಜಾಗ ಮಾಡಿಸಿ.

ಬ್ರೇಕ್: ಬಹಳ ಮಂದಿ ಬಿಡುವ ವಿಷಯ

ಈ ಒಂದು ಲೆಕ್ಕ ಎಲ್ಲ ಡ್ರೈವರಿಗೂ ಗೊತ್ತಿರಬೇಕು. 45-50 ಎಚ್‌ಪಿ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಅದರ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಹಿಂದೆ ಬ್ರೇಕ್ ಇಲ್ಲದ ಡಬ್ಬಿ ಕಟ್ಟಿದರೆ ಎಲ್ಲ ಭಾರವನ್ನೂ ಆ ಎರಡೇ ಗಾಲಿ ನಿಲ್ಲಿಸಬೇಕು. ಹಿಂದಿನ ಗಾಲಿ ಮೇಲೆ 1.4 ಟನ್ ಭಾರ ಇದೆ, ರಸ್ತೆ ಒಣಗಿದೆ ಎಂದು ಹಿಡಿದು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

- ಬಿಡಾರದ ಸಾಮಾನಿನ ಡಬ್ಬಿ (ಟ್ರ್ಯಾಕ್ಟರ್ ಸೇರಿ 4.7 ಟನ್), ಗಂಟೆಗೆ 20 ಕಿ.ಮೀ.: ಬ್ರೇಕ್ ತುಳಿದ ಮೇಲೆ ಸುಮಾರು 9 ಮೀಟರಿಗೆ ನಿಲ್ಲುತ್ತದೆ. 30 ಕಿ.ಮೀ. ವೇಗ ಇದ್ದರೆ ಸುಮಾರು 20 ಮೀಟರ್.
- ಅದೇ ಟ್ರ್ಯಾಕ್ಟರಿಗೆ ಒಟ್ಟು 10 ಟನ್ ತೂಗುವ ಕಬ್ಬಿನ ಡಬ್ಬಿ (ಎಲ್ಲ ಸೇರಿ 12 ಟನ್), 20 ಕಿ.ಮೀ.: ಸುಮಾರು 22 ಮೀಟರ್. 30 ಕಿ.ಮೀ. ವೇಗ ಇದ್ದರೆ ಸುಮಾರು 50 ಮೀಟರ್.
- ಅದೇ ಕಬ್ಬಿನ ಡಬ್ಬಿ, 20 ಅಡಿಗೆ 1 ಅಡಿ ಇಳಿಯುವ ಇಳಿಜಾರಿನಲ್ಲಿ 20 ಕಿ.ಮೀ.: 70 ಮೀಟರಿಗೂ ಹೆಚ್ಚು. ಮಳೆ ಬಿದ್ದು ರಸ್ತೆ ಜಾರುತ್ತಿದ್ದರೆ ನಿಲ್ಲುವುದೇ ಇಲ್ಲ.

ಡ್ರೈವರ್ ನೋಡಿ ಕಾಲಿಡುವಷ್ಟರಲ್ಲಿ ಹೋಗುವ ಐದಾರು ಮೀಟರ್ ಇದರಲ್ಲಿ ಸೇರಿಲ್ಲ. ಯಲ್ಲಮ್ಮನ ಗುಡ್ಡ ಇಳಿಯುವಾಗ ಮುಂದೆ ಇರುವುದು ಖಾಲಿ ರಸ್ತೆ ಅಲ್ಲ, ನಡೆದು ಹೋಗುವ ಭಕ್ತರು.

ಆದ್ದರಿಂದ ನಾಕು ಗಾಲಿಯ ಟ್ರೇಲರ್ ಮಾಡಿಸುವವರು ಬ್ರೇಕ್ ಇರುವುದನ್ನೇ ತಗೊಳ್ಳಿ. ಟ್ರೇಲರ್ ದಬ್ಬಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್, ಟ್ರ್ಯಾಕ್ಟರಿನಿಂದ ಪೈಪ್ ಹಾಕುವ ಹೈಡ್ರಾಲಿಕ್ ಅಥವಾ ಏರ್ ಬ್ರೇಕ್, ಹೀಗೆ ಬಗೆಗಳಿವೆ. ನಿಮ್ಮ ಟ್ರ್ಯಾಕ್ಟರಿಗೆ ಯಾವುದು ಹೊಂದುತ್ತದೆ ಎಂದು ಡೀಲರ್ ಹತ್ತಿರ ಕೇಳಿ. ಜತೆಗೆ ನಿಂತಾಗ ಹಾಕುವ ಹ್ಯಾಂಡ್ ಬ್ರೇಕ್ ಬಿಡಾರಕ್ಕೆ ಕಡ್ಡಾಯ ಅಂದುಕೊಳ್ಳಿ. ಇಳಿಜಾರಿನಲ್ಲಿ ಯಾವತ್ತೂ ನ್ಯೂಟ್ರಲ್ ಮಾಡಬಾರದು, ಕ್ಲಚ್ ತುಳಿದು ಬಿಡಬಾರದು. ಏರುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್. ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲನ್ನು ಜೋಡಿಸುವ ಕೊಂಡಿ ಹಾಕಿಯೇ ರಸ್ತೆಗಿಳಿಯಬೇಕು. ಕೊಂಡಿ ಬಿಚ್ಚಿದ್ದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ.

ಹುಕ್ ಮತ್ತು ಪಿನ್

ಟ್ರೇಲರಿನ ಪಿನ್ ಜಾಗದಲ್ಲಿ ಸಿಕ್ಕ ಬೋಲ್ಟ್, ರಾಡ್ ತುಂಡು ಹಾಕುವುದು ನಮ್ಮ ಕಡೆ ಕಾಣುವ ಕೆಟ್ಟ ಚಾಳಿ. ಸರಿಯಾದ ಅಳತೆಯ ಪಿನ್, ಅದು ಮೇಲೆ ಹಾರದಂತೆ ಕೆಳಗೆ ಲಾಕ್ ಪಿನ್, ಪಿನ್ ಮುರಿದರೂ ಡಬ್ಬಿ ಬಿಟ್ಟು ಹೋಗದಂತೆ ದಪ್ಪ ಸರಪಳಿ, ಈ ಮೂರೂ ಬೇಕು. ಟ್ರೇಲರಿನ ರಿಂಗ್ ತೇದು ಮೊಟ್ಟೆಯಾಕಾರ ಆಗಿದ್ದರೆ ಬದಲಿಸಿ.

ಡಬ್ಬಿಯನ್ನು ಟ್ರ್ಯಾಕ್ಟರಿನಲ್ಲಿ ಕಂಪನಿ ಕೊಟ್ಟ ಹುಕ್ಕಿಗೇ ಹಾಕಬೇಕು. ಅದಕ್ಕಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದು ಹಿಂದಕ್ಕೆ ಮಗುಚುತ್ತದೆ. ಎರಡು ಗಾಲಿಯ ಡಬ್ಬಿಯಲ್ಲಿ ಸಾಮಾನನ್ನು ಆಕ್ಸಲಿನಿಂದ ತುಸು ಮುಂದಕ್ಕೆ ಬರುವಂತೆ ಹೇರಿ. ಎಲ್ಲ ಹಿಂದೆ ಹೇರಿದರೆ ಮೂತಿ ಎದ್ದು ಟ್ರ್ಯಾಕ್ಟರಿನ ಹಿಂಭಾಗ ಹಗುರಾಗುತ್ತದೆ, ಬ್ರೇಕ್ ಹಿಡಿಯಲ್ಲ. ಬಹಳ ಮುಂದೆ ಹೇರಿದರೆ ಸ್ಟೇರಿಂಗ್ ಹಗುರಾಗುತ್ತದೆ.

ಬಿಡಾರಕ್ಕೆ ಏನೇನು ಮಾಡಿಸಬೇಕು

*ಕಮಾನು:* ಕಬ್ಬಿಣದ ಪೈಪಿನ ಕಮಾನನ್ನು ವೆಲ್ಡ್ ಮಾಡಿ ಕೂಡಿಸಬೇಡಿ. ಬದಿಗೆ ಸಾಕೆಟ್ ಇಟ್ಟು ಬೇಕಾದಾಗ ಹಾಕಿ, ಬೇಡಾದಾಗ ತೆಗೆಯುವಂತೆ ಮಾಡಿಸಿದರೆ ಮರುದಿನ ಗೊಬ್ಬರ ಹೇರಬಹುದು. ಕಮಾನು ಎತ್ತರ ಇದ್ದಷ್ಟು ಗಾಳಿಗೆ ಓಲಾಡುತ್ತದೆ, ಕೆಳಗೆ ಜೋತುಬಿದ್ದ ವೈರಿಗೂ ತಾಗುತ್ತದೆ. ತಳದಿಂದ ಒಳಗೆ ಕೂಡುವಷ್ಟು, ಅಂದರೆ ನಾಕೂವರೆ-ಐದು ಅಡಿ ಸಾಕು. ತಾಡಪತ್ರಿ ಎರಡೂ ಬದಿ ಸುತ್ತಿ ಮೇಲೆ ಕಟ್ಟುವಂತಿರಲಿ, ಗಾಳಿ ಆಡುತ್ತದೆ.

*ನಾಕು ಕಾಲು:* ನಾಕು ಮೂಲೆಗೆ ಇಳಿಸುವ ಜಾಕ್ ಅಥವಾ ಪೈಪ್ ಕಾಲು ಹಾಕಿಸಿ. ಎರಡು ಗಾಲಿಯ ಡಬ್ಬಿಗೆ ಇದು ಬೇಕೇ ಬೇಕು. ಮಲಗುವ ಮೊದಲು ಕಾಲು ಇಳಿಸಿ, ಗಾಲಿಗೆ ಮುಂದೆ-ಹಿಂದೆ ಕಟಿಗಿ ಓಟು ಕೊಡಿ. ಡಬ್ಬಿಯ ಕೆಳಗೆ ನೆರಳಿದೆ ಎಂದು ಮಲಗುವುದು ಬೇಡ. ಪಕ್ಕದ ಗಾಡಿಯವರು ಹಿಂದೆ ಸರಿಸುವಾಗ ಕೆಳಗೆ ಮಲಗಿದವರು ಕಾಣುವುದಿಲ್ಲ.

*ನೀರು:* 500 ಲೀಟರ್ ಟಾಕಿ ತುಂಬಿದರೆ 500 ಕೆಜಿ. ಆಕ್ಸಲ್ ಮೇಲೆ, ತಳಕ್ಕೆ ಹತ್ತಿ, ಪಟ್ಟಿ ಬಿಗಿದು ಇಡಿ. ಅರ್ಧ ಖಾಲಿಯಾದ ದೊಡ್ಡ ಟಾಕಿಯ ನೀರು ತಿರುವಿನಲ್ಲಿ ಒಂದು ಕಡೆ ನುಗ್ಗಿ ಡಬ್ಬಿಯನ್ನು ಎಳೆಯುತ್ತದೆ. ಒಂದು ದೊಡ್ಡದರ ಬದಲು ಎರಡು-ಮೂರು ಸಣ್ಣ ಟಾಕಿ ಇಟ್ಟು, ಒಂದೊಂದಾಗಿ ಖಾಲಿ ಮಾಡುವುದು ಒಳ್ಳೆಯದು.

*ಗ್ಯಾಸ್ ಮತ್ತು ಒಲೆ:* ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಕಟ್ಟಲು ಕಬ್ಬಿಣದ ಬಳೆ ಮಾಡಿಸಿ. ಓಡುವಾಗ ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿರಬೇಕು. ಅಡುಗೆ ಡಬ್ಬಿಯಿಂದ ದೂರ, ನೆಲದ ಮೇಲೆ. ತಾಡಪತ್ರಿ ಒಳಗೆ ಒಲೆ, ಕೆಂಡದ ಬುಟ್ಟಿ, ಜನರೇಟರ್ ಇಟ್ಟು ಮಲಗಿದರೆ ಬೆಂಕಿಯಷ್ಟೇ ಅಪಾಯ ಹೊಗೆಯದ್ದು. ವಾಸನೆಯಿಲ್ಲದ ವಿಷಗಾಳಿ ನಿದ್ದೆಯಲ್ಲೇ ಉಸಿರು ನಿಲ್ಲಿಸುತ್ತದೆ.

*ಮೆಟ್ಟಿಲು ಮತ್ತು ಪೆಟ್ಟಿಗೆ:* ಮುದುಕರು ಹತ್ತಿ ಇಳಿಯಲು ಹಿಂದಿನ ಬಾಗಿಲಿಗೆ ತೂಗುಹಾಕುವ ಮೆಟ್ಟಿಲು, ಬದಿಯಲ್ಲಿ ಬೀಗ ಹಾಕುವ ಒಂದು ಪೆಟ್ಟಿಗೆ. ಜಾತ್ರೆಯಲ್ಲಿ ಕಳುವಾಗುವುದು ಸಣ್ಣ ಸಾಮಾನೇ.

*ದೀಪ, ರಿಫ್ಲೆಕ್ಟರ್:* ಹಿಂದೆ ಕೆಂಪು ಟೇಲ್ ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ಟ್ರ್ಯಾಕ್ಟರಿನ ವೈರಿಗೆ ಸೇರಿರಬೇಕು. ಹಿಂದೆ ಕೆಂಪು, ಬದಿಗೆ ಹಳದಿ ರಿಫ್ಲೆಕ್ಟರ್ ಟೇಪ್ ಅಂಟಿಸಿ. ತಾಡಪತ್ರಿ ಇಳಿಬಿದ್ದು ದೀಪ ಮುಚ್ಚದಂತೆ ನೋಡಿ. ಕತ್ತಲಲ್ಲಿ ದೀಪವಿಲ್ಲದೇ ನಿಂತ ಡಬ್ಬಿಗೆ ಬೈಕ್ ಗುದ್ದುವ ಸುದ್ದಿ ನಮ್ಮ ಭಾಗಕ್ಕೆ ಹೊಸದಲ್ಲ. ಟೇಪಿನ ಖರ್ಚು ನೂರಾರು ರೂಪಾಯಿ, ಹೋದ ಜೀವಕ್ಕೆ ಬೆಲೆ ಇಲ್ಲ.

ಭಾರ ಕೆಳಗೆ ಇರಲಿ

ಡಬ್ಬಿಯ ತಳ ನೆಲದಿಂದ ಸುಮಾರು 1 ಮೀಟರ್ ಎತ್ತರ ಇರುತ್ತದೆ. ಚೀಲಗಳನ್ನು ತಳಕ್ಕೆ ಹರಡಿ ಹೇರಿದರೆ ಭಾರದ ನಡುಬಿಂದು ನೆಲದಿಂದ 1.4 ಮೀಟರ್ ಆಸುಪಾಸು. ಮಂದಿ ನಿಂತರೆ ಅದು 2 ಮೀಟರಿಗೆ ಏರುತ್ತದೆ. ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ ಚೀಲದ ಡಬ್ಬಿ 28 ಡಿಗ್ರಿ ವಾಲಿದರೆ ಮಗುಚುವುದು, ಮಂದಿ ನಿಂತ ಡಬ್ಬಿ 20 ಡಿಗ್ರಿಗೇ ಮಗುಚುತ್ತದೆ. ರಸ್ತೆ ಅಂಚಿನಿಂದ ಒಂದು ಗಾಲಿ ಒಂದೂವರೆ ಅಡಿ ಇಳಿದರೆ ಆಗಲೇ 17 ಡಿಗ್ರಿ ಆಯಿತು. ಇದು ಡಬ್ಬಿಯ ಸ್ವಂತ ತೂಕ ಬಿಟ್ಟು ಹಾಕಿದ ಅಂದಾಜು ಲೆಕ್ಕ. ಆದರೂ ಹಳ್ಳ, ಕೆನಾಲ್ ದಂಡಿಯ ರಸ್ತೆ ನಮ್ಮಲ್ಲಿ ಎಷ್ಟಿವೆ ಎಂಬುದನ್ನು ನೆನೆದರೆ ಸಾಕು. ಹಾಸಿಗೆಯಂಥ ಹಗುರದ್ದು ಮೇಲೆ, ಅಕ್ಕಿ ಚೀಲ, ಪಾತ್ರೆ, ನೀರು ಕೆಳಗೆ. ಡಿಜೆ ಬಾಕ್ಸುಗಳನ್ನು ಮಾಳಿಗೆಯಂತೆ ಏರಿಸುವುದು ಬೇಡ.

ಕಾಗದಪತ್ರ: ಡಬ್ಬಿಗೂ ಬೇರೆ ಆರ್‌ಸಿ, ಬೇರೆ ವಿಮೆ

1988ರ ಮೋಟಾರು ವಾಹನ ಕಾಯ್ದೆಯಲ್ಲಿ "ಮೋಟಾರು ವಾಹನ" ಎಂಬ ಪದದೊಳಗೆ ಟ್ರೇಲರ್ ಕೂಡ ಸೇರಿದೆ. ಅಂದರೆ ಟ್ರ್ಯಾಕ್ಟರಿನ ಆರ್‌ಸಿ ಇದ್ದರೆ ಸಾಲದು, ಡಬ್ಬಿಗೂ ನೋಂದಣಿ ಆಗಬೇಕು, ನಂಬರ್ ಬೇಕು. ಗೋಕಾಕ ಆರ್‌ಟಿಒ ಕಚೇರಿಯ ನೋಂದಣಿ ಸರಣಿ ಕೆಎ-49. ನೋಂದಣಿಗೆ ತಯಾರಕರಿಂದ ಮಾರಾಟ ಪ್ರಮಾಣಪತ್ರ (ಫಾರ್ಮ್ 21) ಮತ್ತು ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ (ಫಾರ್ಮ್ 22) ಬೇಕು. "ಕಾಗದ ಆಮೇಲೆ ಕೊಡ್ತೀನಿ" ಅನ್ನುವವರ ಹತ್ತಿರ ಪೂರ್ತಿ ರೊಕ್ಕ ಕೊಡಬೇಡಿ. ಚಾಸಿ ನಂಬರ್ ಕಬ್ಬಿಣದ ಮೇಲೆ ಕೊರೆದಿರಬೇಕು, ಅದು ಕಾಗದದ ನಂಬರಿಗೆ ಹೊಂದಬೇಕು.

ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಟ್ರೇಲರಿನ ನಂಬರ್ ಬಂದಿದೆಯೇ ಓದಿ ನೋಡಿ. ಟ್ರ್ಯಾಕ್ಟರಿಗೆ ಮಾತ್ರ ವಿಮೆ ಇದ್ದು ಡಬ್ಬಿಯಿಂದ ಅಪಘಾತವಾದರೆ ತಕರಾರು ಏಳುತ್ತದೆ. ವಿಮೆ ಇಲ್ಲದೇ ಓಡಿಸಿದರೆ 2019ರ ತಿದ್ದುಪಡಿ ಪ್ರಕಾರ ಮೊದಲ ಸಲ 2,000 ರೂ., ಮತ್ತೆ ಸಿಕ್ಕರೆ 4,000 ರೂ. ದಂಡ, ಜೈಲಿಗೂ ಅವಕಾಶ ಇದೆ. ಮಿತಿ ಮೀರಿ ಭಾರ ಹೇರಿದರೆ ಕಾಯ್ದೆಯಲ್ಲಿ 20,000 ರೂ. ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ಇದೆ.

ದಂಡಕ್ಕಿಂತ ದೊಡ್ಡ ಪೆಟ್ಟು ಪರಿಹಾರದ್ದು. ಗೂಡ್ಸ್ ವಾಹನದಲ್ಲಿ ಪುಕ್ಕಟೆ ಹತ್ತಿದವರ ಸಾವು-ನೋವಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2002ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ. ಡಬ್ಬಿಯಲ್ಲಿ ಬೀಗರನ್ನು, ಓಣಿಯವರನ್ನು ಪ್ರೀತಿಯಿಂದ ಕರೆದುಕೊಂಡು ಹೋದ ಮಾಲೀಕನೇ ಕೊನೆಗೆ ಹೊಲ ಮಾರಿ ಪರಿಹಾರ ಕಟ್ಟುವ ಪರಿಸ್ಥಿತಿ ಬರಬಹುದು. ಹೋದವರ ಮನಿಗೂ ಸಿಗುವುದು ತಡವಾಗುತ್ತದೆ.

ಕೃಷಿ ಕೆಲಸಕ್ಕೆಂದು ನೋಂದಣಿಯಾದ ಡಬ್ಬಿಯನ್ನು ಬಾಡಿಗೆಗೆ ಹೊಡೆಯುವವರು, ಮಂಡಳಗಳಿಗೆ ಕೊಡುವವರು ಆರ್‌ಟಿಒ ಮತ್ತು ವಿಮೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಸ್ವಂತ ಕೃಷಿಗೆ ಇರುವ ರಿಯಾಯಿತಿ ಬಾಡಿಗೆಗೆ ಅನ್ವಯಿಸುವುದಿಲ್ಲ.

ಹಳೆ ಡಬ್ಬಿ ಕೊಳ್ಳುವವರಿಗೆ

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಎರಡು-ಮೂರು ಹಂಗಾಮು ಕಬ್ಬು ಹೊತ್ತ ಡಬ್ಬಿ ಎಂದರೆ ಎಚ್ಚರ. ಸಮತಲ ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಬದಿ ವಾಲಿದ್ದರೆ ಪಾಟಾ ಸೋತಿದೆ. ಮುಂದಿನ ಮೂಲೆಯಿಂದ ಹಿಂದಿನ ಎದುರು ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಅಳೆಯಿರಿ. ಅಳತೆ ಹೊಂದದಿದ್ದರೆ ಚಾಸಿ ತಿರುಚಿದೆ. ಹೊಸ ಬಣ್ಣದ ಕೆಳಗೆ ಪಟ್ಟಿ ಹಚ್ಚಿದ ಗುರುತು ಇದೆಯೇ ಬೆರಳಾಡಿಸಿ ನೋಡಿ. ಆರ್‌ಸಿಯಲ್ಲಿ ಸಾಲದ ಬಾಕಿ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ ಇಲ್ಲದೇ ವ್ಯವಹಾರ ಮುಗಿಸಬೇಡಿ.

ಯೂಟ್ಯೂಬ್‌ನ ಕಾರವಾನ್ ಬಗ್ಗೆ

ಕಾರಿಗೆ ಕಟ್ಟಿ ಎಳೆಯುವ, ಒಳಗೆ ಮಂಚ, ಅಡುಗೆ ಮನಿ, ಶೌಚಾಲಯ ಎಲ್ಲಾ ಇರುವ ಕಾರವಾನ್ ಟ್ರೇಲರ್‌ಗಳನ್ನು ವಿಡಿಯೋದಲ್ಲಿ ನೋಡಿ ನಮ್ಮ ಹುಡುಗರೂ ಕೇಳುತ್ತಿದ್ದಾರೆ. ಅದಕ್ಕೂ ಮೇಲಿನ ಪರೀಕ್ಷೆಗಳೇ: ಚಾಸಿ, ಜೋಡು, ಬ್ರೇಕ್, ಭಾರ, ನೋಂದಣಿ. ಹೆಚ್ಚುವರಿಯಾಗಿ ಎರಡು ನೋಡಿ. ಕಾರಿನ ಕಂಪನಿ ಎಷ್ಟು ತೂಕ ಎಳೆಯಬಹುದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ದಾಟಬಾರದು. ಛಾವಣಿ ಮತ್ತು ಕಿಟಕಿಯ ಜೋಡಿನಲ್ಲಿ ನೀರು ಇಳಿಯುತ್ತದೆಯೇ ಎಂದು ಪೈಪ್ ಹಿಡಿದು ನೀರು ಬಿಟ್ಟು ಪರೀಕ್ಷಿಸಿ. ಒಳಗೆ ನೀರು ಇಳಿದರೆ ಪ್ಲೈವುಡ್ ಕೊಳೆತು ಪೂರ್ತಿ ಗಾಡಿ ಹಾಳು. ಅದರಲ್ಲೂ ಓಡುವಾಗ ಒಳಗೆ ಯಾರೂ ಇರಬಾರದು.

ಹೊರಡುವ ಮುಂಜಾನೆ ನೋಡಬೇಕಾದ ಹತ್ತು

1. ಪಿನ್, ಲಾಕ್ ಪಿನ್, ಸರಪಳಿ ಮೂರೂ ಹಾಕಿದೆಯೇ
2. ಎಲ್ಲ ಟೈರಿನ ಗಾಳಿ, ಸ್ಟೆಪ್ನಿ, ಜಾಕ್, ಪಾನಾ
3. ಗಾಲಿಯ ನಟ್ ಬಿಗಿ ಇವೆಯೇ
4. ಬೇರಿಂಗ್, ಟರ್ನ್ ಟೇಬಲ್‌ಗೆ ಗ್ರೀಸ್
5. ಬ್ರೇಕ್, ಪೆಡಲ್ ಕೊಂಡಿ
6. ಹಿಂದಿನ ದೀಪ, ರಿಫ್ಲೆಕ್ಟರ್
7. ಭಾರ ಕೆಳಗೆ, ಹಗ್ಗ ಬಿಗಿ
8. ಸಿಲಿಂಡರ್ ನೆಟ್ಟಗೆ, ರೆಗ್ಯುಲೇಟರ್ ಬಿಚ್ಚಿದ್ದು
9. ಟ್ರ್ಯಾಕ್ಟರ್ ಮತ್ತು ಡಬ್ಬಿ ಎರಡರ ಆರ್‌ಸಿ, ವಿಮೆ, ಡ್ರೈವರಿನ ಲೈಸೆನ್ಸ್
10. ಡ್ರೈವರ್ ರಾತ್ರಿ ನಿದ್ದೆ ಮಾಡಿದ್ದಾನೆಯೇ, ಕುಡಿದಿಲ್ಲವೇ

ಮೊದಲ 10-15 ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಗಾಲಿಯ ಹಬ್ ಹತ್ತಿರ ಕೈ ಹಿಡಿಯಿರಿ. ಹತ್ತಿರ ಹಿಡಿಯಲಾರದಷ್ಟು ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಗ್ರೀಸ್ ಇಲ್ಲ, ಮುಂದೆ ಹೋಗಬೇಡಿ. ಗೋಕಾಕದಿಂದ ಯರಗಟ್ಟಿ ಮೇಲೆ ಸವದತ್ತಿಗೆ ಹೋಗುವವರು ಯರಗಟ್ಟಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ನಟ್ ಮತ್ತು ಪಿನ್ ನೋಡಿಕೊಳ್ಳಿ.

ನಮ್ಮ ಭಾಗದ ವೆಲ್ಡಿಂಗ್ ಅಂಗಡಿಯವರಿಗೂ ಒಂದು ಮಾತು. ಗಿರಾಕಿ ದರ ಇಳಿಸು ಅಂದಾಗ ಬಣ್ಣದಲ್ಲಿ, ಡಿಸೈನಿನಲ್ಲಿ ಇಳಿಸಿ. ಚಾನೆಲ್, ರಿಂಗ್, ಬ್ರೇಕಿನಲ್ಲಿ ಇಳಿಸಬೇಡಿ. ತೂಕದ ಚೀಟಿ ಸಹಿತ ಡಬ್ಬಿ ಕೊಡುವ ಅಂಗಡಿಗೆ ಮಂದಿ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.